ನೀಲವ್ವ, ಬಸಪ್ಪ, ಫಕೀರಪ್ಪನಂಥ ಹಳೇ ಹೆಸರುಗಳು ಮತ್ತೆ ಚಾಲ್ತಿಗೆ ಬರ್ತಾವಾ?

ಪ್ರಶ್ನೆ ಕೇಳಿದ ತಂಗಿ ಬರೆದಿರೋದು ಇಷ್ಟು: ಚೊಚ್ಚಲ ಹೆಣ್ಣುಕೂಸು, ಅತ್ತೆಯವರಿಗೆ ತಮ್ಮ ಅತ್ತೆಯ ಹೆಸರು ‘ನೀಲವ್ವ’ ಅಂತಲೇ ಇಡಬೇಕು ಅಂತ ಆಸೆ. ಅಮೆರಿಕದಲ್ಲಿ ಅಜ್ಜಿಯರ ಕಾಲದ ಹೆಸರು ತಿರುಗಿ ಬರ್ತಿದ್ದಾವಂತೆ, ನಮ್ಮಲ್ಲೂ ಬರ್ತಾವಾ, ಇಲ್ಲಾ ನಾಳೆ ಸಾಲ್ಯಾಗ ಹುಡುಗಿ ನಗೆಪಾಟಲಾಗ್ತಾಳಾ?

ನಾನು ಗದಗಿನಲ್ಲಿ ಸಣ್ಣ ಪ್ರೆಸ್ ನಡೆಸೋನು. ನಮ್ಮೂರಲ್ಲಿ ಪ್ರೆಸ್ಸಿಗೇನು ಬರ ಇಲ್ಲ, ಅದರಲ್ಲಿ ನಮ್ಮದೊಂದು. ಅಪ್ಪನ ಕಾಲದಿಂದ ಲಗ್ನಪತ್ರಿಕೆ, ತೊಟ್ಟಿಲ ಕಾರ್ಯದ ಕಾರ್ಡು ಹೊಡೆದೇ ಹೊಟ್ಟೆ ಹೊರೆದಿದ್ದೀವಿ. ಹೆಸರುಗಳ ಬಗ್ಗೆ ನಾನು ಪುಸ್ತಕ ಓದಿಲ್ಲ, ದಿನಾ ಪ್ರೂಫ್ ಓದ್ತೀನಿ.

ನಿಮ್ಮ ಮನೆಗೆ ಬಂದ ಯಾವುದಾದರೂ ಲಗ್ನಪತ್ರಿಕೆ ತೆಗೆದು ಮೇಲಿಂದ ಕೆಳಗೆ ಓದಿ. ಎಲ್ಲಕ್ಕೂ ಮೇಲೆ ‘ಲಿಂ.’ (ಲಿಂಗೈಕ್ಯ) ಹಚ್ಚಿಕೊಂಡ, ತೀರಿಹೋದ ಹಿರಿಯರು: ಬಸವ್ವ, ಕಲ್ಲವ್ವ, ಫಕೀರಪ್ಪ, ರುದ್ರಪ್ಪ. ಅದರ ಕೆಳಗೆ ‘ನಿಮ್ಮ ಆಗಮನಾಭಿಲಾಷಿಗಳು’ ಆಗಿರೋ ತಂದೆ-ತಾಯಿ: ಸುಮಂಗಲಾ, ಶಕುಂತಲಾ, ಅಶೋಕ, ಸುರೇಶ. ನಡುವೆ ದಪ್ಪ ಅಕ್ಷರದಲ್ಲಿ ಚಿ.ರಾ. ಕಿರಣ, ಚಿ.ಕುಂ.ಸೌ. ಪೂಜಾ. ತೀರಾ ಕೆಳಗೆ, ‘ನಮ್ಮ ಕಾಕಾನ ಮದುವಿಗೆ ತಪ್ಪದೇ ಬರ್ರಿ’ ಅನ್ನೋ ಸಾಲಿನ ಹತ್ತಿರ ಚಿಳ್ಳೆಪಿಳ್ಳೆಗಳು: ಅದ್ವಿಕ್, ಆದ್ಯಾ, ಶಿವಾಂಶ್, ರುದ್ರ.

ಆ ಕೊನೇ ರುದ್ರನನ್ನ ನೋಡಿ. ನಾನು ಪ್ರೆಸ್ಸಿಗೆ ಕೂತ ಹೊಸತರಲ್ಲಿ ಅವನು ಆ ಸಾಲಿನಲ್ಲಿ ಇರ್ತಿರಲಿಲ್ಲ. ಪತ್ರಿಕೆಯ ನೆತ್ತಿಯ ಮೇಲಿದ್ದ ರುದ್ರಪ್ಪನೇ ‘ಪ್ಪ’ ಕಳಚಿಟ್ಟು ಕೆಳಗಿಳಿದು ಬಂದಾನೆ. ಗಂಗವ್ವ ಗಂಗಾ ಆಗಿ ಇಳಿದಳು, ಗೌರವ್ವ ಗೌರಿಯಾಗಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಹಳೇ ಹೆಸರು ಬರ್ತಾವೆ, ಬಾಲ ಬಿಟ್ಟು ಬರ್ತಾವೆ. ಬರೋದೂ ಮೇಲಿನ ಸಾಲಿನವು ಮಾತ್ರ. ಎರಡನೇ ಸಾಲಿನ ಸುಮಂಗಲಾ, ಸುರೇಶರನ್ನ ಈಗ ಯಾರೂ ಕೇಳೋದಿಲ್ಲ. ಅವರಿನ್ನೂ ನಮ್ಮ ಕಣ್ಣೆದುರು ಬ್ಯಾಂಕಿನ ಸಾಲಿನಲ್ಲಿ ನಿಂತಿರ್ತಾರೆ, ಕೂಸಿಗೆ ಆ ಹೆಸರು ಕೂಡೋದಿಲ್ಲ.

ಅಮೆರಿಕದ್ದೂ ಇದೇ ಲೆಕ್ಕ. ಅಲ್ಲಿ ಸರ್ಕಾರವೇ 1880ರಿಂದ ಈಚಿನ ಮಕ್ಕಳ ಹೆಸರಿನ ಪಟ್ಟಿ ಕೊಡ್ತದೆ. ಎಮ್ಮಾ ಅನ್ನೋ ಹೆಸರು 1880ರಲ್ಲಿ 3ನೇ ಸ್ಥಾನದಲ್ಲಿತ್ತು, 1970ರ ದಶಕದ ಹೊತ್ತಿಗೆ ಬಹಳ ಕೆಳಗಿಳಿದಿತ್ತು, 2014ರಿಂದ 2018ರವರೆಗೆ ಮೊದಲನೇ ಸ್ಥಾನದಲ್ಲಿ ಕೂತಿತ್ತು. ಆದರೆ ಎಮ್ಮಾಗೆ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಹೋದಾಕಿ ಹೋದಂಗೇ ತಿರುಗಿ ಬಂದಳು. ನಮ್ಮವರ ಕಥೆ ಬೇರೆ.

ಅಪ್ಪ ಸೀಸದ ಅಚ್ಚಿನ ಮೊಳೆ ಜೋಡಿಸ್ತಿದ್ದ ಕಾಲದಲ್ಲಿ ಒತ್ತಕ್ಷರಕ್ಕೆ ಬೇರೆಯೇ ಖಾನೆ ಇರ್ತಿತ್ತು. ಲಗ್ನದ ಸೀಜನ್ ಬಂತಂದ್ರೆ ಮೊದಲು ಬರಿದಾಗೋದು ‘ಪ’ ಒತ್ತು, ‘ವ’ ಒತ್ತಿನ ಖಾನೆ. ಒಂದು ಪತ್ರಿಕೆಯಲ್ಲಿ ಹದಿನೈದು ಅಪ್ಪಂದಿರು, ಹತ್ತು ಅವ್ವಂದಿರು ಅಂದ್ರೆ ಮತ್ತೇನಾಗ್ತದೆ? ಒತ್ತು ಸಾಲದೆ ಪಕ್ಕದ ಪ್ರೆಸ್ಸಿಗೆ ನನ್ನನ್ನ ಓಡಿಸ್ತಿದ್ದ; ಒಂದು ಮುಷ್ಟಿ ಸೀಸದ ‘ಪ’ ಒತ್ತು ಕಡ ತಂದಿದ್ದು, ಚಡ್ಡಿ ಕಿಸೆ ಕರ್ರಗಾಗಿದ್ದು ಇನ್ನೂ ನೆನಪಿದೆ. ಈಗ ಕಂಪ್ಯೂಟರಿನಲ್ಲಿ ಎಷ್ಟು ಒತ್ತು ಬೇಕಾದರೂ ಸಿಗ್ತದೆ, ಕೇಳೋರಿಲ್ಲ. ಇಂಗ್ಲಿಷಿನಲ್ಲಿ ‘ಹುಬ್ಳಿ’ ಆಗಿದ್ದ ಊರಿಗೆ 2014ರ ನವೆಂಬರ್ 1ಕ್ಕೆ ಒತ್ತು ಸಮೇತ ಹುಬ್ಬಳ್ಳಿ ಅಂತ ಹೆಸರು ವಾಪಸ್ ಬಂತು. ಮನುಷ್ಯರಿಗೆ ಮಾತ್ರ ಒತ್ತು ಬ್ಯಾಡಾಗೈತಿ.

‘ಅವ್ವ’, ‘ಅಪ್ಪ’ ಅಂದ್ರೆ ಸುಮ್ಮನೆ ಬಾಲ ಅಲ್ಲ, ಅದು ಮರ್ಯಾದೆ. ಬಸಪ್ಪನಿಂದ ಅಪ್ಪನ್ನ ತೆಗೀರಿ, ನಮ್ಮ ಕಡೆ ಬಾಯಲ್ಲಿ ಉಳಿಯೋದು ‘ಬಸ್ಯಾ’. ನೀಲವ್ವನಿಂದ ಅವ್ವನ್ನ ತೆಗೆದ್ರೆ ‘ನೀಲಿ’. ತೊಟ್ಟಿಲಲ್ಲಿರೋ ಕೂಸನ್ನೂ ‘ಯಾಕಪಾ ಬಸಪ್ಪಾ’ ಅಂತ ಮಾತಾಡಿಸೋ ಜನ ನಾವು. ಆದರೆ ಈ ಬಾಲ ಬರೀ ಮರ್ಯಾದೆ ಹೇಳ್ತಿರಲಿಲ್ಲ, ಜಾತಿನೂ ಹೇಳ್ತಿತ್ತು. ಬಸನಗೌಡ ಅಂದ್ರೆ ಒಂದು ಮನೆ, ಬಸಯ್ಯ ಅಂದ್ರೆ ಇನ್ನೊಂದು ಮನೆ, ಬಸಪ್ಪ ಮತ್ತೊಂದು. ಕೂಲಿ ಮನೆಯ ಬಸಪ್ಪ ಸಾಯೋತನಕ ಊರವರ ಬಾಯಲ್ಲಿ ಬಸ್ಯಾನೇ. ಹಂಗಾಗಿ ಈಗಿನ ಹುಡುಗರು ಬಾಲ ಬೇಡ ಅಂದ್ರೆ ನನಗೆ ಪೂರ್ತಿ ಬೇಜಾರಿಲ್ಲ.

ಬಾಲ ಕತ್ತರಿಸೋಕೆ ಮತ್ತೊಂದು ಕಾರಣ ನನಗೆ ಗೊತ್ತಾಗಿದ್ದು ಅಂಗಡಿಯಲ್ಲೇ. ಒಂದು ಮನೆಯವರು ತೊಟ್ಟಿಲ ಕಾರ್ಯದ ಕಾರ್ಡಿನ ಪ್ರೂಫ್ ನೋಡೋಕೆ ಬಂದಿದ್ದರು. ಗಂಡ, ಹೆಂಡತಿ, ಹೆಗಲ ಮೇಲೆ ಕೂಸು, ಜೊತೆಗೆ ಅಜ್ಜ. ಅಜ್ಜನ ಹೆಸರೇ ಮೊಮ್ಮಗನಿಗೆ. ಅಜ್ಜ ಚಾಳೀಸು ಏರಿಸಿಕೊಂಡು ಹಾಳೆ ಹಿಡಿದು, “ರುದ್ರ ಅಂತ ಐತಿ. ನನ್ನ ಪ್ಪ ಎಲ್ಲಿ ಬಿತ್ತೋ?” ಅಂದ. ಮಗ ನಕ್ಕು ಸುಮ್ಮನಾದ. ಸೊಸೆ ಸಣ್ಣ ದನಿಯಲ್ಲಿ ಅಂದಳು, “ಪೂರ್ತಿ ನಿಮ್ಮ ಹೆಸರ ಇಟ್ರ ನಾ ಹೆಂಗ ಬೈಲ್ರಿ ಮಾವಾರ? ಉಣಲಿಲ್ಲಂದ್ರ ಬೈಬೇಕಾಗತೈತಿ.” ಅಜ್ಜ ಹಾಳೆ ಕೆಳಗಿಟ್ಟು, “ಅದೂ ಖರೇನ,” ಅಂದ.

ಮಾವನ ಹೆಸರು ಸೊಸೆ ಬಾಯಿಂದ ಬರಬಾರದು ಅನ್ನೋ ಪದ್ಧತಿಗೆ ನಮ್ಮ ಹಿಂದಿನವರು ಬೇರೆ ದಾರಿ ಹುಡುಕಿದ್ದರು. ಕಿವಿಯಲ್ಲಿ ಸೋದರತ್ತೆ ಹೇಳಿದ್ದು ಅಜ್ಜನ ಹೆಸರು, ಮನೆಯಲ್ಲಿ ಕರೆಯೋದು ಅಪ್ಪು, ಅಜ್ಜಪ್ಪ. ಹೆಣ್ಣಾದರೆ ಅವ್ವಕ್ಕ, ತಾಯವ್ವ. ಈಗ ಎರಡೆರಡು ಹೆಸರು ಯಾರಿಗೆ ಬೇಕು? ಬಾಲ ಕತ್ತರಿಸಿದರೆ ಅಜ್ಜನ ಹೆಸರೂ ಇಟ್ಟಂಗಾಯ್ತು, ಬೈಯೋಕೂ ಬಂತು.

ಎಲ್ಲಾ ಹೆಸರೂ ಬರೋದಿಲ್ಲ. ಹುಟ್ಟಿದ ಮಕ್ಕಳು ಉಳೀದ ಮನೆಯಲ್ಲಿ ಕೂಸನ್ನ ತಿಪ್ಪೆ ಮೇಲೆ ಹೊರಳಿಸಿ ತಂದು ತಿಪ್ಪವ್ವ ಅಂತ ಇಡ್ತಿದ್ದರು, ಸಾವಿನ ಕಣ್ಣಿಗೆ ಕಸದಂಗೆ ಕಾಣಲಿ ಅಂತ. ಸಾಲಾಗಿ ಹೆಣ್ಣು ಹುಟ್ಟಿದರೆ ಸಾಕವ್ವ. ಇವು ಹೋಗಿದ್ದೇ ಒಳ್ಳೇದಾಯ್ತು. ಹರಕೆಯ ಹೆಸರುಗಳ ಮಾತು ಬೇರೆ, ಅವು ಫ್ಯಾಷನ್ನಿಗೆ ಕಾಯೋದಿಲ್ಲ. ಶಿರಹಟ್ಟಿ ಫಕೀರೇಶ್ವರನಿಗೆ ನಡಕೊಳ್ಳೋ ಮನೆಯಲ್ಲಿ ಫಕೀರಪ್ಪ ಈಗ ಫಕೀರೇಶ ಆಗಿದ್ದಾನೆ, ಅಷ್ಟೇ. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾದ ಮೇಲೆ ನಾನು ಹೊಡೆದ ಕಾರ್ಡುಗಳಲ್ಲಿ ಎಷ್ಟೋ ಪುಟ್ಟರಾಜರಿದ್ದಾರೆ. ಅವರ ಗುರು ಪಂಚಾಕ್ಷರ ಗವಾಯಿಗಳ ಹುಟ್ಟುಹೆಸರು ಗದಿಗೆಯ್ಯ. ಪಂಚಾಕ್ಷರಿ ಅಂತ ಇಟ್ಟವರು ನನ್ನ ಕಾರ್ಡುಗಳಲ್ಲಿ ಈಗಲೂ ಸಿಗ್ತಾರೆ, ಗದಿಗೆಯ್ಯ ಸಿಕ್ಕಿಲ್ಲ.

ಇನ್ನು ಶಾಲೆಯ ಮಾತು. ನನ್ನ ಹೆಸರು ಮನೆಯಲ್ಲಿ ಈರಪ್ಪ. ಒಂದನೇತ್ತೆಗೆ ಸೇರಿಸೋಕೆ ಹೋದಾಗ ಮಾಸ್ತರು ಅಪ್ಪನ್ನ ಕೇಳದೇ ‘ವೀರೇಶ’ ಅಂತ ಬರಕೊಂಡರು, ಈರಪ್ಪ ಚಂದಿಲ್ಲ ಅಂತ. ಅಪ್ಪ ಮೊಳೆ ಜೋಡಿಸೋನು, ಬರೆದವರ ಮುಂದೆ ಎದುರಾಡಲಿಲ್ಲ. ಇವತ್ತಿಗೂ ಹೊಲದ ಉತಾರದಲ್ಲಿ ಈರಪ್ಪ, ಮಾರ್ಕ್ಸ್ ಕಾರ್ಡಿನಲ್ಲಿ ವೀರೇಶ, ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸೋದು ನನ್ನ ಖಾಯಂ ಖರ್ಚು. ನಿಮ್ಮ ಮಗಳಿಗೆ ಹಂಗಾಗೋದಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಅದರಲ್ಲಿ ಏನಿರ್ತದೋ ಅದೇ ಹೆಸರು. ಹುಟ್ಟಿದ್ದನ್ನ 21 ದಿನದೊಳಗೆ ನೋಂದಣಿ ಮಾಡಿಸಲೇಬೇಕು, ಹೆಸರಿಗೆ ಮಾತ್ರ ಅಷ್ಟು ಅವಸರ ಇಲ್ಲ. 12 ತಿಂಗಳೊಳಗೆ ಯಾವಾಗ ಸೇರಿಸಿದರೂ ಶುಲ್ಕ ಇಲ್ಲ.

ನಗೆಪಾಟಲಿನ ಚಿಂತೆ ಬಿಡಿ. ನನ್ನ ಮಗಳು ಸಾನ್ವಿ. ಅವಳ ಕ್ಲಾಸಿನಲ್ಲಿ ಇನ್ನೂ ಇಬ್ಬರು ಸಾನ್ವಿ ಇದ್ದಾರೆ, ಇವಳಿಗೆ ‘ಗಿಡ್ಡ ಸಾನ್ವಿ’ ಅಂತ ಹೆಸರು ಬಿದ್ದಿದೆ. ಹೊಸ ಹೆಸರಿಟ್ಟು ನಾನು ಗಳಿಸಿದ್ದು ಇದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರಮಾಣಪತ್ರದಲ್ಲಿ ‘ನೀಲಾ’ ಅಂತ ಬರೆಸ್ತೀನಿ. ನೀಲಾಂಬಿಕಾ ಅಂದ್ರೂ ಆದೀತು, ಬಸವಣ್ಣನವರ ಹೆಂಡತಿಯ ಹೆಸರು, ಆದರೆ ಫಾರ್ಮಿನ ಚೌಕಗಳಲ್ಲಿ ಹಿಡಿಸೋದು ಕಷ್ಟ. ತೊಟ್ಟಿಲ ದಿನ ಕಿವಿಯಲ್ಲಿ ‘ನೀಲವ್ವ’ ಅಂತ ಪೂರ್ತಿ ಹೇಳಿಸಿ, ಕಾರ್ಡಿನಲ್ಲೂ ಹಂಗೇ ಹಾಕಿಸಿ. ಅತ್ತೆಯವರಿಗೆ ಪ್ರೂಫ್ ತೋರಿಸಿ, ಒತ್ತು ನೋಡಿ ಹೂಂ ಅಂದ ಮೇಲೆ ಹೊಡೆಯೋಕೆ ಹೇಳಿ. ಹೊಡೆದ ಮೇಲೆ ನಾವು ವಾಪಸ್ ತಗೊಳ್ಳೋದಿಲ್ಲ.