ನಿಮ್ಮ ಲೇಖನದಲ್ಲಿ ಆಟ ಎಲ್ಲಿದೆ?

ಸಿಂಧನೂರಿನ ಗೆಳೆಯರಿಗೆ ನಮಸ್ಕಾರ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದರೆ ಸುಮ್ನೆ ‘ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳೋಕೂ ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆ ಬರಹ ಇದೆ, ಅದರ ಮೇಲೆ ನೀವೇ ಮಣ್ಣು ಎಳೆದಿದ್ದೀರಿ.

ಬೇರೆ ಓದುಗರಿಗೂ ತಿಳಿಯಲಿ ಅಂತ ಎರಡು ಮಾತು. ಇವರು ಅಕ್ಕಿ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಬಲಗಾಲು ಕಳೆದುಕೊಂಡವರು. ಮನೆ ಹಿಡಿದು ಕೂತಿದ್ದಾಗ ಯಾರೋ ಕರೆದುಕೊಂಡು ಹೋಗಿ ಸಿಟ್ಟಿಂಗ್ ವಾಲಿಬಾಲ್, ಅಂದರೆ ನೆಲದ ಮೇಲೆ ಕೂತು ವಾಲಿಬಾಲ್ ಆಡುವ ಹುಡುಗರ ಗುಂಪಿಗೆ ಸೇರಿಸಿದರು. ಈಗ ಸಂಜೆ ಆದರೆ ಮೈದಾನ ಬಿಟ್ಟು ಬೇರೆ ಯೋಚನೆ ಇಲ್ಲ. ಏಳು ಪುಟ ಬರೆದಿದ್ದಾರೆ. ನಾಲ್ಕು ಪುಟ ಅಪಘಾತ, ಆಸ್ಪತ್ರೆ, ಅಮ್ಮನ ಅಳು. ಒಂದು ಪುಟ ಪ್ಯಾರಾಲಿಂಪಿಕ್ಸ್ (ಅಂಗವಿಕಲರ ಒಲಿಂಪಿಕ್ಸ್) ಇತಿಹಾಸ. ಒಂದು ಪುಟ ಧನ್ಯವಾದ. ಆಟಕ್ಕೆ ಉಳಿದದ್ದು ಒಂದೇ ಪುಟ.

ಆ ನಾಲ್ಕು ಪುಟ ನೀವು ಯಾರಿಗೆ ಬರೆದಿರಿ? ನನಗೆ ಅನ್ನಿಸಿದ್ದು, ಜನ ಅಯ್ಯೋ ಪಾಪ ಅನ್ನದೆ ಮುಂದಿನ ಪುಟ ಓದುವುದೇ ಇಲ್ಲ ಅನ್ನೋ ಭಯ ನಿಮಗಿದೆ. ಬಿಡಿ ಆ ಭಯ. ‘ಮಿಲ್ ಬಂದ್ ಮಾಡ್ರಿ ಅಂತ ಕೂಗಿದ್ದು ನಾನೇ’ ಅಂತ ಒಂದು ಸಾಲು ಬರೆದಿದ್ದೀರಲ್ಲ, ಅಪಘಾತಕ್ಕೆ ಅದು ಸಾಕು. ಅದಾದ ಮೇಲೆ ಬರುವ ‘ಬಾಳಲ್ಲಿ ಕತ್ತಲು ಕವಿಯಿತು’, ‘ವಿಧಿಯ ಆಟಕ್ಕೆ ಕೊನೆಯಿಲ್ಲ’ ಎಲ್ಲ ಹೊಡೆದು ಹಾಕಿ. ಅವು ನಿಮ್ಮ ಮಾತಲ್ಲ, ಸೀರಿಯಲ್‌ನವರದ್ದು.

ಈಗ ಆಟಕ್ಕೆ ಬರೋಣ. ‘ವಾಲಿಬಾಲ್ ತರಹವೇ, ಕೂತು ಆಡೋದು ಅಷ್ಟೇ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಷ್ಟೇ ಹೆಂಗ್ರೀ ಆಗುತ್ತೆ? ನಿಂತು ಆಡುವವರ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ನಿಮ್ಮದು 10ಕ್ಕೆ 6. ಗಂಡಸರ ಆಟದಲ್ಲಿ ಅವರ ನೆಟ್ 2.43 ಮೀಟರ್ ಎತ್ತರ, ನಿಮ್ಮದು 1.15. ಅಂದರೆ ಎದುರಿನವನು ಹೊಡೆದ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಮುಂದೆ ಇರುತ್ತದೆ. ಅವರು ಸರ್ವಿಸನ್ನು ನೆಟ್ಟಿನಲ್ಲೇ ಬ್ಲಾಕ್ ಮಾಡುವಂತಿಲ್ಲ, ನೀವು ಮಾಡಬಹುದು. ಸ್ಮ್ಯಾಷ್ ಹೊಡೆಯುವಾಗ ಕುಂಡಿ ನೆಲ ಬಿಟ್ಟರೆ ಫೌಲ್. ಎಲ್ಲಕ್ಕಿಂತ ದೊಡ್ಡ ಕಷ್ಟ, ಸರಿದಾಡೋಕೂ ಅದೇ ಕೈ, ಚೆಂಡು ಎತ್ತೋಕೂ ಅದೇ ಕೈ. ಚೆಂಡು ಬರುವ ಕಡೆ ಕೈಯೂರಿ ಸರಿದು, ಅದೇ ಕೈಯನ್ನು ನೆಲದಿಂದ ಕಿತ್ತು ಮೇಲೆತ್ತಬೇಕು, ಅಷ್ಟರಲ್ಲಿ ಪಾಯಿಂಟ್ ಹೋಗಿರುತ್ತದೆ ಅಲ್ವಾ? ಇದನ್ನು ಕಲಿಯೋಕೆ ಎಷ್ಟು ಒದ್ದಾಡಿದಿರಿ, ಯಾವತ್ತು ಕೈ ತಾನಾಗಿ ಮಾತು ಕೇಳಲು ಶುರು ಮಾಡಿತು? ಆಟದ ಹುಚ್ಚು ಹಿಡಿದದ್ದು ಆವತ್ತೇ ಇರಬೇಕು. ಆ ದಿನದ ಬಗ್ಗೆ ಒಂದಕ್ಷರ ಇಲ್ಲ.

ನಿಮ್ಮ ಕಣ್ಣು ಚೆನ್ನಾಗಿದೆ ಅಂತ ನನಗೆ ಗೊತ್ತು. ಏಪ್ರಿಲ್‌ನಲ್ಲಿ ಸಂಜೆ ಐದಾದರೂ ಸಿಮೆಂಟ್ ನೆಲ ಹೆಂಚಿನಂತೆ ಕಾದಿರುತ್ತೆ, ಕೊಡಗಟ್ಟಲೆ ನೀರು ಸುರಿದು ಆರುವ ತನಕ ಕಾಯ್ತೀವಿ ಅಂತ ಬರೆದಿದ್ದೀರಿ. ಚಡ್ಡಿ ಹಿಂದೆ ಸವೆಯುತ್ತೆ ಅಂತ ಬಳ್ಳಾರಿಯ ಜೀನ್ಸ್ ತುಂಡು ತಂದು ಅಮ್ಮ ತೇಪೆ ಹಾಕಿದ್ದೂ ಇದೆ. ನಾಲ್ಕು ಪುಟ ಅತ್ತ ಅಮ್ಮ ನನ್ನ ನೆನಪಲ್ಲಿ ಉಳಿಯಲಿಲ್ಲ, ತೇಪೆ ಹಾಕಿದ ಅಮ್ಮ ಉಳಿದಿದ್ದಾರೆ. ಇಂಥದ್ದು ಜಾಸ್ತಿ ಬೇಕು.

ಗುಂಪಿನ ಬಗ್ಗೆ ‘ನಾವೆಲ್ಲ ಒಂದೇ ಕುಟುಂಬದಂತೆ’ ಅಂತೀರಿ. ನಂಬೋಕೆ ಕಷ್ಟ. ಜಗಳ ಇಲ್ಲದ ಕುಟುಂಬ ಯಾವ ಊರಲ್ಲಿದೆ? ನೀವೇ ಒಂದು ಜಗಳದ ಸುಳಿವು ಕೊಟ್ಟು ಓಡಿಹೋಗಿದ್ದೀರಿ. ಬೆರಳು ತುಂಡಾದ ಹುಡುಗನೊಬ್ಬ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಆಡುತ್ತಾನೆ, ಆದರೆ ಮ್ಯಾಚ್ ದಿನ ಅವನನ್ನು ಹೊರಗೆ ಕೂರಿಸಿದರು ಅಂತ. ನಿಯಮ ನನಗೆ ಗೊತ್ತಿದೆ ಅಂತಿಟ್ಟುಕೊಳ್ಳಿ, ಓದುಗರಿಗೆ ಗೊತ್ತಿಲ್ಲವಲ್ಲ. ಈ ಆಟದಲ್ಲಿ ವಿಎಸ್-1, ವಿಎಸ್-2 ಅಂತ ಎರಡು ವರ್ಗ. ಊನ ಕಡಿಮೆ ಇರುವವರು ವಿಎಸ್-2, ಅಂಥವರು ಒಂದು ಸಲಕ್ಕೆ ಅಂಕಣದಲ್ಲಿ ಒಬ್ಬರೇ ಇರಬೇಕು. ನಿಮ್ಮಲ್ಲಿ ಅಂಥವರು ಇಬ್ಬರಿದ್ದರು, ಒಬ್ಬ ಹೊರಗೆ. ಕೆಲಸ ಕೇಳಲು ಹೋದಲ್ಲೆಲ್ಲ ‘ಕೈ ಸರಿಯಿಲ್ಲ’ ಅನ್ನಿಸಿಕೊಂಡ ಹುಡುಗ, ಇಲ್ಲಿ ‘ನಿಂದು ಸರಿಯಾಗೇ ಐತಲ್ಲೋ’ ಅನ್ನಿಸಿಕೊಂಡ. ಅವನು ಏನಂದ? ಒಳಗೆ ಆಡಿದವನ ಜೊತೆ ಆಮೇಲೆ ಮಾತಾಡಿದನಾ? ನೀವು ಯಾರ ಪರ ಇದ್ದಿರಿ? ಇದನ್ನು ಬಿಟ್ಟು ಗುಂಪಿನ ಬಗ್ಗೆ ಏನು ಬರೆದರೂ ಅದು ಸನ್ಮಾನ ಪತ್ರ ಆಗುತ್ತದೆ.

ಮೊದಲ ದಿನ ಯಾರೂ ‘ಕಾಲಿಗೆ ಏನಾಯ್ತು’ ಅಂತ ಕೇಳಲಿಲ್ಲ, ‘ಸರ್ವಿಸ್ ಬರ್ತದೇನು’ ಅಂತ ಕೇಳಿದರು ಅಂತ ಐದನೇ ಪುಟದಲ್ಲಿದೆ. ಲೇಖನ ಅಲ್ಲಿಂದ ಶುರು ಮಾಡಿ. ರಾಜ್ಯ ಮಟ್ಟದ ಆಯ್ಕೆಗೆ ಬೆಂಗಳೂರಿಗೆ ಹೊರಟಾಗ 100 ಕಿ.ಮೀ. ಆಚೆ ಅಂಗವಿಕಲರ ಬಸ್ ಪಾಸ್ ನಡೆಯಲ್ಲ ಅಂತ ಎಲ್ಲರೂ ಜೇಬು ತಡಕಾಡಿದ್ದು, ಕೊನೆಗೆ ಮೂರು ಗಾಲಿ ಸ್ಕೂಟಿಯವನು ಪೆಟ್ರೋಲಿಗೆ ಇಟ್ಟಿದ್ದ ದುಡ್ಡು ತೆಗೆದದ್ದು, ಇದನ್ನೂ ಬಿಡಬೇಡಿ.

ಇತಿಹಾಸದ ಪುಟ ಪೂರ್ತಿ ತೆಗೆಯಿರಿ. ಎಲ್ಲಿಂದಲೋ ಎತ್ತಿದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಅದರಲ್ಲೂ ಒಂದು ತಪ್ಪಿದೆ. ನಮ್ಮ ಹಾಸನದ ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹೈಜಂಪ್‌ನಲ್ಲಿ ಗೆದ್ದದ್ದು ಬೆಳ್ಳಿ, ಚಿನ್ನ ಅಲ್ಲ. ಆ ಸಲ ಭಾರತಕ್ಕೆ ಬಂದದ್ದು ಅದೊಂದೇ ಪದಕ. 2024ರಲ್ಲಿ ಪ್ಯಾರಿಸ್‌ನಿಂದ ಬಂದದ್ದು 29. ನಿಮ್ಮ ಜೊತೆಯವರು ಆ ಪಂದ್ಯಗಳನ್ನು ಒಂದೇ ಮೊಬೈಲಿಗೆ ಮುಗಿಬಿದ್ದು ನೋಡಿದ್ದರೆ ಅದನ್ನು ಬರೆಯಿರಿ, ನೋಡಿರದಿದ್ದರೆ ಪ್ಯಾರಿಸ್ ಯಾಕೆ ಬೇಕು?

ಇನ್ನೊಂದು ಕೇಳಲೇಬೇಕು. ‘ಒಬ್ಬಳು ಹುಡುಗಿಯೂ ಬರುತ್ತಿದ್ದಳು, ಆಮೇಲೆ ಬಿಟ್ಟಳು’ ಅಂತ ಹೋಗ್ತಾ ಹೋಗ್ತಾ ಹೇಳಿದ್ದೀರಿ. ಯಾಕೆ ಬಿಟ್ಟಳು? ಪ್ಯಾರಾಲಿಂಪಿಕ್ಸ್‌ನಲ್ಲೇ ಗಂಡಸರ ಸಿಟ್ಟಿಂಗ್ ವಾಲಿಬಾಲ್ 1980ರಲ್ಲಿ ಬಂದರೆ ಹೆಂಗಸರದ್ದು ಬಂದದ್ದು 2004ರಲ್ಲಿ. ನಿಮ್ಮ ಮೈದಾನದಲ್ಲಿ ಶೌಚಾಲಯ ಇದೆಯಾ, ಕತ್ತಲಾದ ಮೇಲೆ ಅವಳ ಊರಿಗೆ ಬಸ್ ಇದೆಯಾ? ನೀವು ಊಹಿಸಿ ಬರೆಯಬೇಡಿ. ಅವಳನ್ನೇ ಕೇಳಿ, ಅವಳು ಒಪ್ಪಿದರೆ ಮಾತ್ರ ಬರೆಯಿರಿ.

‘ಆಟ ನನಗೆ ಆತ್ಮವಿಶ್ವಾಸ ಕಲಿಸಿತು’ ಅನ್ನುವ ಕೊನೇ ಪ್ಯಾರಾ ಬೇಡ. ಸೋತ ರಾತ್ರಿ ರೊಟ್ಟಿ ತಿನ್ನದೆ ಮಲಗಿದೆ ಅಂತ ಫೋನಿನಲ್ಲಿ ಹೇಳಿದಿರಲ್ಲ, ಅದನ್ನು ಯಾಕೆ ಬರೆಯಲಿಲ್ಲ? ಗೆಲ್ಲುವ ಆಸೆ ಇದೆ ಅಂತ ಹೇಳೋಕೆ ನಾಚಿಕೆ ಯಾಕೆ?

ನಾಲ್ಕು ಪುಟಕ್ಕೆ ಇಳಿಸಿ ಕಳಿಸಿ, ಅವಸರ ಇಲ್ಲ. ಮಾತುಗಳನ್ನು ನಿಮ್ಮ ಸಿಂಧನೂರಿನ ಹುಡುಗರು ಆಡುವ ಹಾಗೇ ಇಡಿ, ಬೈಗುಳ ಇದ್ದರೆ ನಾನು ನೋಡಿಕೊಳ್ಳುತ್ತೇನೆ. ಶಾಲು ಹಾರ ಹಾಕಿಸಿಕೊಂಡ ಫೋಟೊ ಬೇಡ, ಆಡುತ್ತಿರುವಾಗ ತೆಗೆದದ್ದು ಬೇಕು. ವಾಟ್ಸಾಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದೆ, ಮೇಲ್ ಮಾಡಿ.