ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಿಡ್ಜ್

ಪ್ರಶ್ನೆ: ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೊಬೈಲಿನಲ್ಲಿ ಬ್ರಿಡ್ಜ್ ಕಲಿತು ಈಗ ಚಾಂಪಿಯನ್ ಆಗ್ತೀನಿ ಅಂತಾನೆ. ಇಸ್ಪೀಟು ಅಂದರೆ ಜೂಜೇ ಅಲ್ಲವೇ? ಇದರಲ್ಲಿ ಹೊಟ್ಟೆ ತುಂಬುತ್ತದೆಯೇ?
– ವಿದ್ಯಾನಗರ, ದಾವಣಗೆರೆ

ಅಂದರ್–ಬಾಹರ್ ಅಡ್ಡೆ ಮೇಲೆ ದಾಳಿಯಾದ ಸುದ್ದಿ ಓದಿದವರಿಗೆ ಎಲ್ಲ ಎಲೆಯೂ ಒಂದೇ ಅನ್ನಿಸುವುದು ಸಹಜ. ಬ್ರಿಡ್ಜ್ ಇಬ್ಬಿಬ್ಬರ ಎರಡು ಜೋಡಿ ಆಡುವ ಇಸ್ಪೀಟಾಟ, ಅದರ ಸ್ಪರ್ಧೆಯಲ್ಲಿ ಎಲೆಯ ಅದೃಷ್ಟಕ್ಕೆ ಬೆಲೆಯಿಲ್ಲ. ಹಂಚಿದ ಎಲೆಗಳನ್ನು ನಾಲ್ಕು ಜೇಬಿನ ಬೋರ್ಡಿನಲ್ಲಿ ಹಾಗೇ ಇಟ್ಟು ಮುಂದಿನ ಟೇಬಲ್ಲಿಗೆ ಕಳಿಸುತ್ತಾರೆ. ನಿಮ್ಮ ಮಗನಿಗೆ ಬಂದ ಅದೇ 13 ಎಲೆ ಅಲ್ಲಿ ಅದೇ ದಿಕ್ಕಿಗೆ ಕೂತವರಿಗೂ ಬರುತ್ತದೆ. ಅಂಕದ ಹೋಲಿಕೆ ಅವರ ಜೊತೆ. ‘ಎಲೆ ಸರಿ ಬರಲಿಲ್ಲ’ ಅನ್ನುವ ನೆಪ ನಡೆಯುವುದಿಲ್ಲ.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್–ಶಿಬನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದಿತು. ಆಗ ಅವರ ವಯಸ್ಸು 60 ಮತ್ತು 56! ಅವಸರ ಬೇಡ ಅನ್ನುವುದು ಅದಕ್ಕೇ. ನಮ್ಮಲ್ಲಿ ಬಹುಮಾನದ ಹಣವನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಪ್ರವೇಶ ಶುಲ್ಕ, ರೈಲು, ಲಾಡ್ಜು ಎಲ್ಲ ಕೈಯಿಂದಲೇ. ಓದು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ.

ಪ್ರಶ್ನೆ: ಜೊತೆಗಾರರು ಒಳ್ಳೆಯ ಆಟಗಾರರೇ. ಆದರೂ ಆಟ ಮುಗಿದ ಮೇಲೆ ದಿನಾ ಜಗಳ.
– ಚಿತ್ರದುರ್ಗ

ಒಂದು ನೋಟ್‌ಬುಕ್ ತಗೊಳ್ಳಿ. ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ ಅಂತ ಆಟಕ್ಕೆ ಮೊದಲು ಕೂಗುವ ಕರೆಗಳ ಅರ್ಥ ಅದರಲ್ಲಿ ಬರೆಯಿರಿ. 15ರಿಂದ 17 ಅಂಕಕ್ಕೆ (ಎಕ್ಕ 4, ರಾಜ 3, ರಾಣಿ 2, ಗುಲಾಮ 1) ‘ಒಂದು ನೋಟ್ರಂಪ್’ (ತುರುಪಿಲ್ಲದ ಆಟದ ಕರೆ) ಅಂತೀರಿ ಅಂದುಕೊಳ್ಳಿ. ಜೊತೆಗಾರರು ‘ಎರಡು ಕಳಾವರ್’ ಅಂದರೆ ಏನರ್ಥ? ‘ಎರಡು ಡೈಮನ್’ ಅಂದರೆ? ನಡುವೆ ಎದುರಾಳಿ ಡಬಲ್ (ಅಂಕದ ಪಣ ಏರಿಸುವ ಕರೆ) ಹೊಡೆದರೆ ಆ ಅರ್ಥ ಉಳಿಯುತ್ತದೆಯೋ ಬದಲಾಗುತ್ತದೆಯೋ? ಜಗಳದ ಬೇರು ಈ ಡಬಲ್‌ನಲ್ಲೇ ಇರುತ್ತದೆ. ಮೂರನೇ ಕರೆಯವರೆಗೆ ಬರೆದಿಡಿ, ಇಬ್ಬರ ಹತ್ತಿರವೂ ಒಂದೇ ಪ್ರತಿ ಇರಲಿ. ಇದು ಗುಟ್ಟಲ್ಲ, ಎದುರಾಳಿ ಕೇಳಿದರೆ ಹೇಳಲೇಬೇಕು, ಮುಚ್ಚಿಟ್ಟ ಒಪ್ಪಂದ ನಿಯಮಕ್ಕೆ ವಿರುದ್ಧ. ಟೇಬಲ್ಲಿನಲ್ಲಿ ಚರ್ಚೆ ಬೇಡ. ತಪ್ಪಿದ ಬೋರ್ಡಿನ ನಂಬರ್ ಗುರುತು ಹಾಕಿ, ಮಾತು ಮಾರನೇ ದಿನಕ್ಕಿರಲಿ.

ಪ್ರಶ್ನೆ: ಮೂರು ನೋಟ್ರಂಪ್ (13ರಲ್ಲಿ 9 ಟ್ರಿಕ್ ಗೆಲ್ಲಬೇಕಾದ ಕರೆ) ಆಡಿದೆ. ಕೈಯಲ್ಲಿ ಇಸ್ಪೀಟ್ ಎಕ್ಕ, 6, 3. ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರರ ಎಲೆಗಳಲ್ಲಿ) 8, 5. ಎಡಗಡೆಯವರು ಇಸ್ಪೀಟ್ ರಾಜ ಇಳಿಸಿದರು, ತಕ್ಷಣ ಎಕ್ಕ ಹೊಡೆದೆ. ಆಮೇಲೆ ಡಮ್ಮಿಯ ಡೈಮನ್ ಎಕ್ಕ–ರಾಣಿ ಕಡೆಗೆ ಕೈಯಿಂದ ಸಣ್ಣದು ಹಾಕಿ ರಾಣಿ ಇಟ್ಟೆ. ಬಲಗಡೆಯವರು ರಾಜ ಹೊಡೆದು ಇಸ್ಪೀಟ್ ವಾಪಸ್ ಕೊಟ್ಟರು. ಒಂದು ಟ್ರಿಕ್ ಕಡಿಮೆ ಬಿತ್ತು.
– ದಾವಣಗೆರೆ

ಕೈ ಕೆಟ್ಟಿದ್ದು ಮೊದಲ ಟ್ರಿಕ್‌ನಲ್ಲೇ. ಎಕ್ಕ ಎಷ್ಟು ಸಲ ತಡೆಹಿಡಿಯಬೇಕು ಅನ್ನುವುದಕ್ಕೆ ಒಂದು ಲೆಕ್ಕವಿದೆ, 7ರಲ್ಲಿ ನಿಮ್ಮ ಮತ್ತು ಡಮ್ಮಿಯ ಇಸ್ಪೀಟ್ ಸಂಖ್ಯೆ ಕಳೆಯಿರಿ: 7–5=2. ಎರಡು ಸಲ ಎಕ್ಕ ತಡೆಹಿಡಿದು ಮೂರನೇ ಸಲ ಹೊಡೆಯಬೇಕಿತ್ತು. ಹೊರಗಿರುವುದು 8 ಇಸ್ಪೀಟ್. ಎಡಕ್ಕೆ 5, ಬಲಕ್ಕೆ 3 ಇದ್ದರೆ ಮೂರನೇ ಸುತ್ತಿಗೆ ಬಲಗಡೆಯವರ ಇಸ್ಪೀಟ್ ಖಾಲಿ. ಡೈಮನ್ ರಾಜ ಹೊಡೆದರೂ ವಾಪಸ್ ಕೊಡಲು ಒಂದೂ ಉಳಿದಿರುವುದಿಲ್ಲ. 4–4 ಹಂಚಿದ್ದರೆ ಇಸ್ಪೀಟ್‌ನಲ್ಲಿ ಮೂರು, ಡೈಮನ್‌ನಲ್ಲಿ ಒಂದು, ಒಟ್ಟು ನಾಲ್ಕೇ ನಷ್ಟ. ಮೂರು ನೋಟ್ರಂಪ್‌ಗೆ ಅಷ್ಟು ಕೊಡಬಹುದು.

ಒಂದು ಎಚ್ಚರಿಕೆ: ಬೇರೆ ಬಣ್ಣದಲ್ಲಿ ನಿಮ್ಮ ತಡೆ (ಎದುರಾಳಿಯ ಓಟ ನಿಲ್ಲಿಸುವ ಎಲೆ) ಇನ್ನೂ ದುರ್ಬಲವಾಗಿದ್ದರೆ ಕಾಯಬೇಡಿ. ಎದುರಾಳಿ ಇಸ್ಪೀಟ್ ಬಿಟ್ಟು ಅತ್ತ ಹೊರಳಿದರೆ ಎಕ್ಕ ಕೈಯಲ್ಲಿದ್ದೂ ಕೆಲಸಕ್ಕೆ ಬಾರದು.