ಚಿಪ್ ಕೆಟ್ಟಿಲ್ಲ, ಅದರ ಮೇಲೆ ಬಿದ್ದ ಕಿರಣ ಬೇರೆ

ಹಾಸನದಲ್ಲಿ ವೈದ್ಯಕೀಯ ಭೌತವಿಜ್ಞಾನಿಯಾಗಿರುವ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಈ ಬಾರಿ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಡೋಸ್ ಎಂದರೆ ಪ್ರತಿ ಗ್ರಾಂ ವಸ್ತು ಹೀರಿದ ವಿಕಿರಣ ಶಕ್ತಿ. ಟಿಎಲ್‌ಡಿ ಎಂದರೆ ಆ ಶಕ್ತಿಯನ್ನು ಹಿಡಿದಿಟ್ಟು, ರೀಡರ್ ಎಂಬ ಯಂತ್ರದಲ್ಲಿ ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುವ ಅಳತೆಯ ಚಿಪ್.

ಪ್ರಶ್ನೆ: ಲಿನಾಕ್‌ನ (ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರದ) 6 ಎಂವಿ (ಮೆಗಾವೋಲ್ಟ್) ಕಿರಣದಲ್ಲಿ ಕ್ಯಾಲಿಬ್ರೇಟ್ ಮಾಡಿದ (ಅಳತೆ ಹೊಂದಿಸಿದ) ಲಿಥಿಯಂ ಫ್ಲೋರೈಡ್ ಟಿಎಲ್‌ಡಿ ಚಿಪ್‌ಗಳನ್ನು ಎಕ್ಸ್-ರೇ ಯಂತ್ರದಡಿ ಇಟ್ಟರೆ ಲೆಕ್ಕಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು ಡೋಸ್ ತೋರಿಸುತ್ತಿವೆ. ಕೆಟ್ಟಿವೆ, ಹೊಸದು ಕೊಳ್ಳಿ ಎಂದು ಮಾರುವವರು ಹೇಳುತ್ತಿದ್ದಾರೆ. ಏನು ಮಾಡಲಿ? (ರೇಡಿಯೋಥೆರಪಿ ತಂತ್ರಜ್ಞೆ, ಚಿಕ್ಕಮಗಳೂರು)

ಉತ್ತರ: ಕೊಳ್ಳಬೇಡಿ. ಹೊಸ ಚಿಪ್ ತಂದರೂ ಇದೇ ಸಂಖ್ಯೆ ಬರುತ್ತದೆ. ಏಲಕ್ಕಿ ಕಾಳಿನಷ್ಟಿರುವ, ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಆ ಚಿಪ್ ರೋಗಿಯ ದೇಹ ಎಷ್ಟು ಹೀರಿತು ಎಂದು ಹೇಳುವುದಿಲ್ಲ, ತಾನೆಷ್ಟು ಹೀರಿದೆ ಎಂಬುದನ್ನಷ್ಟೇ ಹೇಳುತ್ತದೆ. ಒಂದೇ ಮಳೆಯಲ್ಲಿ ಕಂಬಳಿಯೂ ಗೊರಬೂ ಒಂದೇ ಸಮನೆ ನೀರು ಹೀರುವುದಿಲ್ಲವಲ್ಲ, ಹಾಗೆ.

ರೋಗನಿರ್ಣಯದ ಎಕ್ಸ್-ರೇಯ ಕಡಿಮೆ ಶಕ್ತಿಯಲ್ಲಿ ದ್ಯುತಿವಿದ್ಯುತ್ ಪರಿಣಾಮ (ಕಿರಣದ ಕಣವನ್ನು ಪರಮಾಣು ಪೂರ್ತಿಯಾಗಿ ನುಂಗುವುದು) ಪ್ರಬಲವಾಗಿದ್ದು, ಪ್ರತಿ ಗ್ರಾಂ ವಸ್ತು ಹೀರುವ ಪ್ರಮಾಣ ಹೆಚ್ಚುಕಡಿಮೆ ಪರಮಾಣು ಸಂಖ್ಯೆಯ ಘನಕ್ಕೆ ಅನುಗುಣವಾಗಿ ಏರುತ್ತದೆ. ನೀರಿನ ಪರಿಣಾಮಕಾರಿ (ಒಟ್ಟಾರೆ ಸರಾಸರಿ) ಪರಮಾಣು ಸಂಖ್ಯೆ ಸುಮಾರು 7.4, ಲಿಥಿಯಂ ಫ್ಲೋರೈಡ್‌ನದು 8.2. ಎರಡನ್ನೂ ಭಾಗಿಸಿ ಘನ ಮಾಡಿ ನೋಡಿ: 1.36. ನಿಮ್ಮ ‘ಕೆಟ್ಟ’ ಚಿಪ್ ತೋರಿಸಿದ್ದು ಇದನ್ನೇ. ಲೆಕ್ಕ ಒರಟಾದರೂ 30 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಮಾನ) ಆಸುಪಾಸಿನ ಅಳತೆಗೆ ಹತ್ತಿರವೇ ಇದೆ. ಡೋಸ್ ಅಳೆಯಲು ಬಳಸುವ ಇನ್ನೊಂದು ಸಾಧನವಾದ ಸಿಲಿಕಾನ್ ಡಯೋಡಿನ ಪರಮಾಣು ಸಂಖ್ಯೆ 14 ಆದ್ದರಿಂದ ಅಲ್ಲಿ ಇದೇ ಲೆಕ್ಕ ಏಳರ ಹತ್ತಿರ ಹೋಗುತ್ತದೆ. ಮೆಗಾವೋಲ್ಟ್ ಕಿರಣದಲ್ಲಾದರೆ ಕಾಂಪ್ಟನ್ ಚದುರಿಕೆಯದೇ (ಕಣ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಒಂದಿಷ್ಟು ಶಕ್ತಿ ಕೊಟ್ಟು ಚದುರುವುದು) ಮೇಲುಗೈ. ಅದು ಪರಮಾಣು ಸಂಖ್ಯೆಯನ್ನು ಅಷ್ಟಾಗಿ ಲೆಕ್ಕಿಸದೆ ಒಂದು ಗ್ರಾಂನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂಬುದನ್ನು ಅವಲಂಬಿಸುವುದರಿಂದ, ಕೋಬಾಲ್ಟ್-60 ಎಂಬ ವಿಕಿರಣ ಮೂಲದ ಕಿರಣಕ್ಕೂ 6 ಎಂವಿಗೂ ನಡುವೆ ಈ ಚಿಪ್ಪಿನ ಸ್ಪಂದನ ಕೆಲವೇ ಶೇಕಡಾ ವ್ಯತ್ಯಾಸವಾಗುತ್ತದೆ.

ನನಗೆ ನಿಜವಾಗಿ ಚಿಂತೆಯಿರುವುದು ಎಕ್ಸ್-ರೇ ಕೋಣೆಯ ಬಗ್ಗೆ ಅಲ್ಲ. 6 ಎಂವಿ ಎಂದು ಫಲಕದ ಮೇಲೆ ಬರೆದ ಮಾತ್ರಕ್ಕೆ ಎಲ್ಲ ಫೋಟಾನ್‌ಗಳಿಗೂ (ಕಿರಣದ ಕಣಗಳಿಗೂ) ಆ ಶಕ್ತಿ ಇರುವುದಿಲ್ಲ. ಅದು ಗರಿಷ್ಠ ಮಿತಿ, ಸರಾಸರಿ ಅದರ ಮೂರನೆಯ ಒಂದು ಭಾಗದಷ್ಟು. ಕಿರಣದ ಅಂಚಿನಿಂದ ಆಚೆ, ದೇಹದೊಳಗೆ ಚದುರಿ ಹೊರಬರುವ ಫೋಟಾನ್‌ಗಳ ಶಕ್ತಿ ಇನ್ನೂ ಇಳಿದಿರುತ್ತದೆ. ಪೇಸ್‌ಮೇಕರ್ ಇರುವ ರೋಗಿಯ ಎದೆಯ ಮೇಲೆ, ಕಿರಣದ ಹೊರಗೆ, ಡಯೋಡ್ ಇಟ್ಟು ಬಂದ ಸಂಖ್ಯೆಯನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಬರೆಯುವವರನ್ನು ನೋಡಿದ್ದೇನೆ. ಆ ಸಂಖ್ಯೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಮತ್ತು ಅದನ್ನು ನಂಬಿ ಅಗತ್ಯವಿರುವ ಚಿಕಿತ್ಸೆಯನ್ನು ಮೊಟಕುಗೊಳಿಸುವ ಅಪಾಯವಿದೆ. ಇಂಥಲ್ಲಿ ನಾನು ಲಿಥಿಯಂ ಫ್ಲೋರೈಡನ್ನೇ ಬಳಸುತ್ತೇನೆ, ಡಯೋಡಿಗೆ ಒಪ್ಪುವುದಿಲ್ಲ.

ಇನ್ನೊಂದು ಮಾತು. ಎಲ್ಲಿಂದಲೋ ಇಳಿಸಿಕೊಂಡ ತಿದ್ದುಪಡಿ ಗುಣಕದಿಂದ ಭಾಗಿಸಿ ಕೈತೊಳೆದುಕೊಳ್ಳಬೇಡಿ. ಚಿಪ್ಪು ತಯಾರಾದ ಬ್ಯಾಚ್, ಮರುಬಳಕೆಗೆ ಮುನ್ನ 400 ಡಿಗ್ರಿಯಲ್ಲಿ ಕಾಯಿಸಿ ತಣಿಸಿದ ಬಗೆ, ರೀಡರ್ ಇವೆಲ್ಲ ಸೇರಿ ಆ ಗುಣಕವಾಗಿರುತ್ತದೆ. ಬೇರೆಯವರದು ನಿಮಗೆ ಹೊಂದುವುದಿಲ್ಲ. ಯಾವ ಕಿರಣದಲ್ಲಿ ಅಳೆಯುತ್ತೀರೋ ಆ ಕಿರಣದಲ್ಲೇ, ಪ್ರಮಾಣೀಕೃತ ಅಯಾನ್ ಚೇಂಬರ್ (ಒಳಗಿನ ಗಾಳಿಯಲ್ಲಿ ವಿಕಿರಣ ಹುಟ್ಟಿಸುವ ವಿದ್ಯುದಾವೇಶದಿಂದ ಡೋಸ್ ಅಳೆಯುವ ಸಾಧನ) ಜೊತೆಗೆ ಹೋಲಿಸಿ ಕ್ಯಾಲಿಬ್ರೇಟ್ ಮಾಡಿ. ಚಿಪ್ಪನ್ನು ಬೆರಳಿನಿಂದ ಮುಟ್ಟಬೇಡಿ, ಕೈಯ ಜಿಡ್ಡು ರೀಡರಿನ ಬಿಸಿಗೆ ಸುಟ್ಟು ಸುಳ್ಳು ಬೆಳಕು ಕೊಡುತ್ತದೆ.

ಪ್ರಶ್ನೆ: ಅಯಾನ್ ಚೇಂಬರಿಗೆ ಗಾಳಿಯ ಒತ್ತಡವನ್ನು ಮೊಬೈಲಿನ ಹವಾಮಾನ ಆ್ಯಪ್‌ನಿಂದ ತೆಗೆದುಕೊಳ್ಳಬಹುದೇ?

ಉತ್ತರ: ಖಂಡಿತ ಕೂಡದು. ಚೇಂಬರಿನೊಳಗಿರುವುದು ಕೋಣೆಯ ಗಾಳಿಯೇ. ಒತ್ತಡ ಇಳಿದಂತೆ ಅದರ ಅಳತೆಯೂ ಇಳಿಯುವುದರಿಂದ ಕೋಣೆಯ ಒತ್ತಡದಿಂದಲೇ ತಿದ್ದಬೇಕು. ಆ್ಯಪ್ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡವನ್ನು, ಅಂದರೆ 1,013 ಹೆಕ್ಟೊಪ್ಯಾಸ್ಕಲ್ ಆಸುಪಾಸಿನ ಅಂಕಿಯನ್ನು ತೋರಿಸುತ್ತದೆ. ಸುಮಾರು 1,000 ಮೀಟರ್ ಎತ್ತರದ ಹಾಸನ, ಚಿಕ್ಕಮಗಳೂರುಗಳಲ್ಲಿ ಕೋಣೆಯ ವಾಯುಭಾರ ಮಾಪಕ ತೋರಿಸುವುದು 900ರ ಹತ್ತಿರ. ಈ ಒಂದು ತಪ್ಪಿನಿಂದ ಯಂತ್ರದಿಂದ ಹೊಮ್ಮುವ ಡೋಸ್ ಇರುವುದಕ್ಕಿಂತ ಸುಮಾರು ಶೇ 11ರಷ್ಟು ಕಡಿಮೆಯೆಂದು ಕಾಣುತ್ತದೆ. ಅದನ್ನು ‘ಸರಿಪಡಿಸಲು’ ಹೋದರೆ ಪ್ರತಿಯೊಬ್ಬ ರೋಗಿಗೂ ಅಷ್ಟು ಹೆಚ್ಚುವರಿ ಡೋಸ್ ಬೀಳುತ್ತದೆ.

ಪ್ರಶ್ನೆ: ಸಿಬ್ಬಂದಿಯ ಟಿಎಲ್‌ಡಿ ಬ್ಯಾಡ್ಜನ್ನು ರೋಗಿಯ ಮೇಲಿಟ್ಟು ಅಳೆಯಬಹುದೇ?

ಉತ್ತರ: ಇಲ್ಲ. ಅದರೊಳಗಿನ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆ 30 ಕೆಇವಿ ಸುಮಾರಿಗೆ ಹತ್ತು ಪಟ್ಟಿನಷ್ಟು ಹೆಚ್ಚು ಸ್ಪಂದಿಸುತ್ತದೆ. ಲೋಹದ ಸೋಸುಕ ಸೇರಿಸಿ ಮೂರು ಬಿಲ್ಲೆ ಜೋಡಿಸಿರುವುದು ಆ ಕಾರಣಕ್ಕೇ.

ಪ್ರಶ್ನೆ: ಲಿನಾಕ್ ಚಿಕಿತ್ಸೆ ಮುಗಿಸಿ ಬಂದ ಅಜ್ಜಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಯಂತ್ರ ನಿಂತ ಮೇಲೆ ಅವರ ಮೈಯಲ್ಲಿ ಯಾವ ವಿಕಿರಣವೂ ಉಳಿದಿರುವುದಿಲ್ಲ.

ಪ್ರಶ್ನೆ: ವಿಕಿರಣ ತಡೆಯುತ್ತದೆಂದು ಮಾರುವ ಪೆಂಡೆಂಟ್ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ತಡೆಯುವುದಿರಲಿ, 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ ಪರೀಕ್ಷೆಯ ಬಳಿಕ ಎಚ್ಚರಿಸಿದ, ತಾವೇ ವಿಕಿರಣ ಸೂಸುತ್ತಿದ್ದ ಹತ್ತು ಸಾಮಗ್ರಿಗಳಲ್ಲಿ ಇಂಥ ಪೆಂಡೆಂಟ್‌ಗಳೂ ಇದ್ದವು. ಮಗುವಿನ ಕೊರಳಲ್ಲಿದ್ದರೆ ಇಂದೇ ತೆಗೆದು, ಡಬ್ಬಿಯಲ್ಲಿ ಮುಚ್ಚಿ, ಮಲಗುವ ಕೋಣೆಯಿಂದ ದೂರವಿಡಿ.